ಏರಿ ಮೇಲೆ ನೆಟ್ಟ ಸನಿಕೆ

ಹೂಂಗುಟ್ತಾ ಇರಬೇಕು, ತಿಳೀತಾ? ಈ ಕತೆ ನಿಮ್ಮ ಮೇಷ್ಟ್ರಿಗೂ ಬರಲ್ಲ, ನನಗೊಬ್ಬಳಿಗೇ ಬರೋದು.

ಒಂದಾನೊಂದು ಕಾಲ, ಹಾಲೆಂಡು ಅಂತ ಒಂದು ದೇಶ. ಅಲ್ಲಿ ನೆಲ ತಗ್ಗು, ಸಮುದ್ರ ಎತ್ತರ, ನಡುವೆ ನಮ್ಮ ಕೆರೆ ಏರಿ ಥರ ಒಂದು ಮಣ್ಣಿನ ಏರಿ. ಅದು ಒಡೆದರೆ ಊರೇ ಇಲ್ಲ. ಅಲ್ಲಿ ವೋಲ್ಫರ್ತ ಅಂತ ಪಾಳೇಗಾರ, ಮೀಸೆ ತಿರುವಿದರೆ ಕೋಟೆ ಅಲುಗಬೇಕು ಅನ್ನೋ ಜಂಬ, ಅವನಿಗೆ ಮೂರು ಗಂಡುಮಕ್ಕಳಿದ್ದರಂತೆ. ಆ ಸೀಮೇಲಿ ಒಂದು ಕಟ್ಟಳೆ. ತಮ್ಮ ಪಾಲಿನ ಏರಿ ತಾವೇ ಕಾಯಬೇಕು. ಆಗದಿದ್ರೆ ಮಣ್ಣು ಅಗೆಯೋ ಸನಿಕೆ ಏರಿ ಮೇಲೆ ನೆಟ್ಟು, ಮನೆ ಹೊಲ ಬಿಟ್ಟು ಹೋಗಬೇಕು. ಅದನ್ನ ಕಿತ್ತವರಿಗೆ ಆ ಹೊಲಾನೂ ಸೇರ್ತದೆ, ಏರಿ ಕಾಯೋ ಕೆಲಸಾನೂ ಸೇರ್ತದೆ. ಗಂಡ ಸತ್ತಾಗ ಹಿಲ್ಲೆ ಅನ್ನೋ ಮುದುಕಿ ಹಂಗೇ ನೆಟ್ಟು ಅತ್ತಳಂತೆ, ವೋಲ್ಫರ್ತ ನಗ್ತಾ ಕಿತ್ತುಕೊಂಡು ಹೋಗಿ ಕೋಟೆ ಗೋಡೆಗೆ ನೇತುಹಾಕಿದನಂತೆ.

ಆಮೇಲೆ ಆ ದೇಶ ಆಳ್ತಿದ್ದ ಸ್ಪೇನಿನ ರಾಜನ ಮೇಲೆ ಜನ ತಿರುಗಿಬಿದ್ರು. ರಾಜನ ದಂಡು ಬಂದು ಊರಾಚೆ ತಗ್ಗಲ್ಲಿ ಡೇರೆ ಹಾಕ್ತು. ರಾಜನ ಮತ ಬಿಟ್ಟವರನ್ನೆಲ್ಲ ಹಿಡಿದುಕೊಡು, ಇಲ್ಲಾಂದ್ರೆ ಊರೇ ಸುಡ್ತೀನಿ ಅಂದ ಸರದಾರ. ಹಿರಿಮಗ ಯೋಸ್ತ, ನಾನು ಬೇಡಿಕೊಂಡು ಬರ್ತೀನಪ್ಪಾ ಅಂತ ಹೋದ, ಅವನನ್ನ ಅಲ್ಲೇ ತಗ್ಗಲ್ಲಿ, ಗಾಳಿಗೆ ರೆಕ್ಕೆ ತಿರುಗೋ ಗಿರಣಿಯೊಳಗೆ ಕೂಡಿಹಾಕಿದರಂತೆ. ನಡುವಿನವನು ಎವರ್ತ ಬೇರೆ ಪಾಳೇಗಾರರ ಬಾಗಿಲು ತಟ್ಟಿ ತಟ್ಟಿ ಬಂದ, ಹೆದರಿಕೊಂಡು ಒಬ್ಬರೂ ಅಗಳಿ ತೆಗೀಲಿಲ್ಲವಂತೆ. ಕಿರಿಯವನು ರೈನ, ಏರಿ ಕಡಿಯೋಣ, ನೀರು ನುಗ್ಗಿದ್ರೆ ದಂಡು ಓಡ್ತದೆ ಅಂದ. ಅಪ್ಪ ಅವನ ರಟ್ಟೆ ಹಿಡಿದು ಕೂಗಿದ, ನಿಮ್ಮಣ್ಣ ಆ ತಗ್ಗಲ್ಲೇ ಅವ್ನೆ ಕಣೋ!

ಯೋಸ್ತ ಸತ್ತೋದ್ನಾ ಅಜ್ಜೀ ಅಂತೀಯಾ? ತಡಿ, ನನಗೂ ಎದೆ ಹೊಡ್ಕೋತದೆ.

ರೈತರೂ ಅಡ್ಡ ನಿಂತ್ರು. ಮುಳುಗೋದು ನಮ್ಮ ಹೊಲ, ನೀವು ಕೋಟೆ ಮೇಲೆ ಕೂತು ನೋಡ್ತೀರ, ಅಲ್ವಾ ದಣೀ ಅಂದ್ರು. ಅಷ್ಟರಲ್ಲಿ ದಂಡಿನ ನಗಾರಿ ಶುರುವಾಯ್ತು. ವೋಲ್ಫರ್ತ ಒಳಗೋಡಿದ. ಅವನಿಗೆಲ್ಲಿ ಸ್ವಂತ ಸನಿಕೆ? ಹಿಲ್ಲೆ ಸನಿಕೇನೇ ಇಳಿಸಿ ತಂದು ಎಲ್ಲರೆದುರು ಏರಿ ಮೇಲೆ ನೆಟ್ಟ. ನಾನೂ ನಿಮ್ಮಂಗೇ, ಕೋಟೆ, ಹೊಲ ಎಲ್ಲಾ ಬಿಟ್ಟೆ, ಏರಿ ಕಡಿಯೋದೋ ಬಿಡೋದೋ ಕಿತ್ತವರು ಹೇಳಿದಂಗೆ ಆಗಲಿ ಅಂದನಂತೆ.

ಯಾರೂ ಮುಟ್ಟಲಿಲ್ಲ. ಹಿಲ್ಲೆ ಬಂದಳು. ಈಗ ಹೆಂಗದೆ ದೊರೆ ಅಂತ ಚುಚ್ಚಿದಳು. ಆಮೇಲೆ ಮೆಲ್ಲಗೆ, ಮಗ ಆ ಗಿರಣಿಯಲ್ಲವ್ನಾ ಅಂದಳು. ಅವ್ನೆ ತಾಯೀ ಅಂದ, ತಲೆ ಎತ್ತಲಿಲ್ಲ. ಕಿತ್ತಳು ನೋಡು ಸನಿಕೆ! ಈಗ ಏರಿ ನಂದು, ಮೊದಲು ದೋಣಿ ಇಳಿಸ್ರೋ, ಆಮೇಲೆ ಕಡೀರಿ ಅಂದಳಂತೆ.

ನೀರು ಬಂತು. ದಂಡು ಫಿರಂಗಿಗಳನ್ನ ಅಲ್ಲೇ ಬಿಟ್ಟು ಓಡ್ತು. ಗಿರಣಿಯ ಮೊದಲನೇ ಅಟ್ಟ ಮುಳುಗ್ತು, ಎರಡನೇದು ಮುಳುಗ್ತು, ಮೂರನೇದಕ್ಕೂ ನೀರು ಏರ್ತಾ ಇತ್ತು. ಅಪ್ಪ, ತಮ್ಮಂದಿರು ಅಂಗೈ ಸುಲಿಯೋ ಹಂಗೆ ದೋಣಿಗೆ ಹುಟ್ಟು ಹಾಕಿದ್ರು. ನೋಡಿದ್ರೆ ಯೋಸ್ತ ಗಿರಣಿ ರೆಕ್ಕೆ ತಬ್ಬಿಕೊಂಡು, ಎಷ್ಟೊತ್ತು ಬರೋಕೆ ಅಂತ ಬೈತಾವ್ನಂತೆ!

ಆಮೇಲೆ ಏರಿ ಕಟ್ಟಿದ್ರು, ನೀರು ತೋಡಿದ್ರು. ಹಿಲ್ಲೆ ಮತ್ತೆ ಸನಿಕೆ ನೆಟ್ಟು, ಒಬ್ಬಳ ಕೈಲಾಗಲ್ಲ, ಕಿತ್ಕೋ ದೊರೆ ಅಂದಳು. ವೋಲ್ಫರ್ತ, ನೀನೂ ಹಿಡಿ, ಊರವರೂ ಹಿಡೀಲಿ ಅಂದ. ಎಲ್ಲರೂ ಸೇರಿ ಕಿತ್ತು, ಹೊಲ ಹಂಚಿಕೊಂಡು ಸುಖವಾಗಿದ್ದರಂತೆ.

ಈಗ ಏರಿ ಯಾರು ಕಾಯ್ತಾರೆ ಅಂತೀಯಾ? ಸರದಿ ಮೇಲೆ ಎಲ್ಲರೂ ಕಾಯ್ತಾರೆ. ಇವತ್ತು ವೋಲ್ಫರ್ತನ ಸರದಿ, ನೀನು ಮಲಕ್ಕೋ. ಹೂಂ ಅನ್ನೋದು ನಿಲ್ತು, ನನ್ನ ಕತೇನೂ ಮುಗೀತು.