ಬಾಯಿಬಿಡದ ಫ್ಲಶ್ ತೊಟ್ಟಿ

ಏಳಂತಸ್ತಿನ ಆಫೀಸು ಕಟ್ಟಡ. ಭಾನುವಾರ, ಒಂದು ನರಪಿಳ್ಳೆಯೂ ಇಲ್ಲ. ನೀರಿನ ಮೀಟರು ಮಾತ್ರ ಗಿರಗಿರ ತಿರುಗುತ್ತಿತ್ತು. ಕೊಳಾಯಿ ರಿಪೇರಿಯ ಬೋರಯ್ಯ ಸ್ಪ್ಯಾನರ್ ಹಿಡಿದು ನೇರವಾಗಿ ಶೌಚಾಲಯದ ತೊಟ್ಟಿಕ್ಕುವ ನಲ್ಲಿಯ ಕುತ್ತಿಗೆಗೇ ಬಂದ.

"ಕಿತ್ತು ಗುಜರಿಗೆ ಹಾಕಲಿ ಬಿಡಿ. ಮೂರು ಹೊತ್ತೂ ಇದರದ್ದು ಟಪ್ ಟಪ್," ಎಂದಿತು ಪಕ್ಕದ ಫ್ಲಶ್ ತೊಟ್ಟಿ.

ನಲ್ಲಿ ಕೇಳಿತು, "ಮೀಟರಣ್ಣ, ನನ್ನ ಹನಿಗೆ ನೀನು ಇಷ್ಟು ತಿರುಗುತ್ತೀಯಾ?"

"ಇಲ್ಲ ತಾಯಿ. ಯಾರೋ ಸದ್ದಿಲ್ಲದೆ ಸುರಿಸ್ತಿದ್ದಾರೆ."

ಸ್ಪ್ಯಾನರ್ ನಲ್ಲಿಯನ್ನು ಕಚ್ಚಿತು. ಅಷ್ಟರಲ್ಲಿ ಕಸ ಗುಡಿಸುವ ಸಣ್ಣಕ್ಕ ಅಡ್ಡ ಬಂದು, "ತಡಿಯಪ್ಪ, ಇದನ್ನೂ ನೋಡಿಬಿಡು," ಎಂದು ಫ್ಲಶ್ ತೊಟ್ಟಿಯೊಳಗೆ ಒಂದು ಚಿಟಿಕೆ ಅರಿಶಿನ ಉದುರಿಸಿದಳು. ಯಾರೂ ಗುಂಡಿ ಒತ್ತಲಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಕೆಳಗಿನ ಕಮೋಡಿನ ನೀರು ಹಳದಿಯಾಯಿತು.

ಬೋರಯ್ಯ ನಲ್ಲಿಯನ್ನು ಬಿಟ್ಟು ತೊಟ್ಟಿಯ ಮುಚ್ಚಳಕ್ಕೆ ಕೈಹಾಕಿದ.

"ನಾನು ಒಂದು ದಿನವೂ ಟಪ್ ಎನ್ನಲಿಲ್ಲವಲ್ಲ," ಎಂದಿತು ತೊಟ್ಟಿ.

"ಅದಕ್ಕೇ ಕಣಪ್ಪ, ಇಷ್ಟು ದಿನ ಬೈಗುಳ ಆ ನಲ್ಲಿ ತಿಂದಿದ್ದು," ಎಂದಿತು ಮೀಟರು.