ಹೊಸನೀರಿನ ಕೂಗು

ತುಂಗಭದ್ರೆಯ ದಡದಲ್ಲಿ ಕಡವಿನಕೋಟೆ ಎಂಬ ಊರಿತ್ತು. ಹೊಳೆಯ ದಾರಿ ಹಿಡಿದು ಬಂದವರೆಲ್ಲ ಸೇರಿ ಆದ ಊರು ಅದು. ಅಂಬಿಗರು ಬಂದರು, ನೇಕಾರರು ಬಂದರು, ಹತ್ತಿ ಹಿಂಜುವ ಪಿಂಜಾರರು ಬಂದರು. ಕುದುರೆ ಮಾರಲು ಅರಬರು ಬಂದರು, ಕೋಟೆಗೆ ಕಂಚಿನ ತೋಪು ಎರೆಯಲು ಕಡಲಾಚೆಯ ಪರಂಗಿಗಳು ಬಂದರು. ಅರಬರ ಓಣಿಯೂ ಪರಂಗಿಗಳ ಓಣಿಯೂ ಖಾಲಿಯಾಗಿ ತಲೆಮಾರುಗಳೇ ಕಳೆದಿದ್ದವು. ಅಲ್ಲೀಗ ಬರೀ ಜಾಲಿ.

ಆ ಊರಲ್ಲೊಂದು ಪದ್ಧತಿ. ಮುಂಗಾರಿಗೆ ಹೊಳೆಗೆ ಕೆಂಪು ಹೊಸನೀರು ಬಂದ ಬೆಳಿಗ್ಗೆ ಎಲ್ಲರೂ ದಡದ ಮೆಟ್ಟಿಲ ಮೇಲೆ ಸೇರಬೇಕು. ಕೂಗುವವನು "ಅಂಬಿಗರೇ, ಇದ್ದೀರಾ?" ಎಂದರೆ ಅಂಬಿಗರು "ಇದ್ದೀವಿ" ಎನ್ನಬೇಕು. ಹೀಗೆ ಎಲ್ಲ ಓಣಿಯವರದೂ ಆಗಬೇಕು. ಈಗ ಇಲ್ಲದವರ ಹೆಸರನ್ನೂ ಕೂಗಿ, ಮೂರು ಉಸಿರಿನಷ್ಟು ಹೊತ್ತು ಹೊಳೆಗೆ ಕಿವಿಗೊಟ್ಟು ಕಾಯಬೇಕು. ಯಾರೂ ಓಗೊಟ್ಟದ್ದಿಲ್ಲ. ಆದರೂ ಕಾಯುತ್ತಿದ್ದರು.

ಕೂಗುವ ಹಕ್ಕು ಕಂಚುಗಾರ ಅಡಿವೆಪ್ಪನದು. ಕಂಚಿನ ಕಂಠ, ಅದಕ್ಕೆ ತಕ್ಕ ಜಂಭ. ತಮ್ಮ ಎರಕದ ವಿದ್ಯೆ ಮುತ್ತಜ್ಜನದು, ಹೊರಗಿನವರಿಂದ ಕಲಿತದ್ದಲ್ಲ ಎಂದು ಮೀಸೆ ತಿರುವುತ್ತಿದ್ದ. ಒಂದು ವರ್ಷ ಕೂಗುವ ಹೊತ್ತಿಗೆ ಅವನಿಗೆ ತಲೆ ಇನ್ನಷ್ಟು ತಿರುಗಿತು.

"ಎಲ್ಲಿಂದಲೋ ಬಂದು ಎಲ್ಲಿಗೋ ಹೋದೋರು. ಅವರ ಹೆಸರಿಗೆ ನಾವ್ಯಾಕ ಬಿಸಲಾಗ ನಿಂದ್ರಬೇಕು?" ಎಂದು ಅರಬರ, ಪರಂಗಿಗಳ ಹೆಸರನ್ನು ಬಿಟ್ಟುಬಿಟ್ಟ.

ಕೊನೆಗೆ ತನ್ನವರ ಸರದಿ. ಅವನ ಮಗಳು ನಿಂಗವ್ವನಿಗೆ ಆರು ವರ್ಷ. ಮೊದಲ ಸಲ ಓಗೊಡುವ ಸಂಭ್ರಮಕ್ಕೆ ಹೊಸ ಲಂಗ ಉಟ್ಟು ಮುಂದೆಯೇ ನಿಂತಿದ್ದಳು.

"ಕಂಚುಗಾರರೇ, ಇದ್ದೀರಾ?"

ಎಂಬತ್ತು ಬಾಯಿ ತೆರೆದವು. ದನಿ ಬರಲಿಲ್ಲ. ನಿಂಗವ್ವನ ಕತ್ತಿನ ನರ ಉಬ್ಬಿದ್ದವು, ಬಾಯಿ ಅಗಲವಾಗಿ ತೆರೆದಿತ್ತು. ಆದರೆ ಕೇಳಿದ್ದು ಹೊಳೆಯ ಸದ್ದು ಮಾತ್ರ.

ಅಂದಿನಿಂದ ಕಂಚುಗಾರರ ಓಣಿಗೆ ಕಾಲಿಡಲು ಜನ ಹೆದರಿದರು. ಸುತ್ತಿಗೆ ಬೀಳುತ್ತಿತ್ತು, ಏಟಿಗೆ ಕೊಡ ತಗ್ಗಾಗುತ್ತಿತ್ತು, ಸದ್ದಿಲ್ಲ. ತೊಟ್ಟಿಲ ಕೂಸು ಮುಖ ಕೆಂಪಗಾಗುವಷ್ಟು ಅತ್ತರೂ ಒಲೆಯ ಮುಂದಿದ್ದ ತಾಯಿಗೆ ತಿಳಿಯುತ್ತಿರಲಿಲ್ಲ. ಅಡಿವೆಪ್ಪನೊಬ್ಬನಿಗೆ ದನಿ ಉಳಿದಿತ್ತು. ಆ ಓಣಿಯಲ್ಲಿ ತನ್ನ ಮಾತು ಕೇಳಿ ತಾನೇ ಬೆಚ್ಚುತ್ತಿದ್ದ.

ಎಂಟನೆಯ ದಿನ ನಿಂಗವ್ವ ಮೆಟ್ಟಿಲಿಂದ ಜಾರಿ ಹೊಳೆಗೆ ಬಿದ್ದಳು. ಕೂಗಿಕೊಂಡಳು, ಯಾರಿಗೂ ಕೇಳಲಿಲ್ಲ. ಅಂಬಿಗನೊಬ್ಬ ಕೆಂಪು ನೀರಲ್ಲಿ ಲಂಗ ಕಂಡು ಎಳೆದು ಹಾಕಿದ್ದಕ್ಕೆ ಉಳಿದಳು. ಅಡಿವೆಪ್ಪನ ಎದೆ ಒಡೆದು ಹೋಯಿತು. ಒದ್ದೆ ಮಗಳನ್ನು ಎತ್ತಿಕೊಂಡು ಪಿಂಜಾರರ ಹಿರಿಯಳಾದ ಹುಸೇನಬಿಯ ಬಾಗಿಲಿಗೆ ಓಡಿದ.

"ದೊಡ್ಡವ್ವಾ, ಇವಳೊಬ್ಬಳ ದನೀನಾದರೂ ಕೊಡಿಸವ್ವಾ!"

ಮುದುಕಿ ಹಿಂಜುವುದನ್ನು ನಿಲ್ಲಿಸಿದಳು. "ಇಲ್ಲದವರನ್ನ ಕರದು ಕಾಯೋದು ಅವರ ಸಲುವಾಗಿ ಅಂತ ತಿಳದಿಯೇನೋ ತಮ್ಮಾ? ಹೋಗು. ಬಿಟ್ಟದ್ದನ್ನ ಕೂಗು. ಉತ್ತರ ಎಲ್ಲಿಂದ ಬಂದರೂ ಓಡಬ್ಯಾಡ."

ಸುಡು ಮಧ್ಯಾಹ್ನ. ಮೆಟ್ಟಿಲ ಮೇಲೆ ತಂದೆ ಮಗಳ ಹೊರತು ನರಪಿಳ್ಳೆಯಿಲ್ಲ. ಅಡಿವೆಪ್ಪ ಹೊಳೆಗೆ ಮುಖ ಮಾಡಿ ಕೂಗಿದ.

"ಅರಬ್ಬಿ ಕುದುರೆಯವರೇ, ಇದ್ದೀರಾ?"

ಒಂದು ಉಸಿರು. ಎರಡು. ಮೂರನೆಯದಕ್ಕೆ ಅವನ ಬೆನ್ನ ಹಿಂದೆ ಯಾರೋ ಹೇಳಿದರು, "ಇದ್ದೀವಿ."

ತಿರುಗಿ ನೋಡಿದರೆ ನಿಂಗವ್ವ! ತನ್ನ ಬಾಯಿಂದ ಬಂದ ಮಾತಿಗೆ ತಾನೇ ಬೆದರಿ, ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. "ಅಪ್ಪಾ, ನಾ ಅನ್ನಲಿಲ್ಲ, ಅದಽ ಬಂತು," ಎಂದು ಅತ್ತಳು. ಆ ಅಳು ಕೇಳಿ ಅಡಿವೆಪ್ಪನೂ ಸಂತೋಷಕ್ಕೆ ಅತ್ತ.

ಮಗಳ ದನಿ ಬಂದಾಯಿತು, ಇನ್ನು ಮನೆಗೆ ಹೋಗಬಹುದಿತ್ತು. ಆದರೆ ಮೇಲಿನ ಓಣಿಯಲ್ಲಿ ಸುತ್ತಿಗೆಗಳಿನ್ನೂ ಸದ್ದಿಲ್ಲದೆ ಬೀಳುತ್ತಿದ್ದವು. ಆ ತೊಟ್ಟಿಲ ಕೂಸು ನೆನಪಾಗಿ ಅವನಿಗೆ ಕಾಲು ಏಳಲಿಲ್ಲ. ಮತ್ತೆ ಹೊಳೆಗೆ ತಿರುಗಿದ.

"ತೋಪು ಎರೆದ ಪರಂಗಿಗಳೇ, ಇದ್ದೀರಾ?"

ಒಂದು ಉಸಿರು. ಎರಡು. ಗಂಟಲಲ್ಲಿ ಏನೋ ಹೊರಳಿತು. ಅಡಿವೆಪ್ಪ ಹಲ್ಲು ಕಚ್ಚಿ ತುಟಿ ಬಿಗಿದ. ಆದರೂ ಬಾಯಿ ತೆರೆಯಿತು. ಅವನದೇ ಗಂಟಲಿಂದ, ಅವನದಲ್ಲದ ಒಂದು ಹಳೆಯ ದನಿ ಹೊರಟಿತು.

"ಇದ್ದೀವಿ."

ಓಣಿಯಿಂದ ಕಂಚಿನ ಸದ್ದು ಒಮ್ಮೆಲೇ ಎದ್ದಿತು. ಕೂಸುಗಳ ಅಳುವೂ ಕೇಳಿತು. ನಿಂಗವ್ವ ಅವನ ಪಂಚೆ ಹಿಡಿದೆಳೆದಳು. "ಅಪ್ಪಾ, ಈಗ ಯಾರು ಮಾತಾಡಿದ್ರು?"

ಅಡಿವೆಪ್ಪ ತನ್ನ ಗಂಟಲನ್ನು ಮುಟ್ಟಿ ನೋಡಿಕೊಂಡ.

"ನಾವಽ, ಮಗಳ," ಎಂದ.

ನೀತಿ: ಹೊರಗಿನವರೆಂದು ಊರ ಕಥೆಯಿಂದ ನಾವು ಬಿಡುವ ಹೆಸರುಗಳು ನಮ್ಮೊಳಗೇ ಬದುಕಿರುತ್ತವೆ. ಅವನ್ನು ಅಳಿಸಿಹಾಕಲು ಹೋದರೆ ಮೂಕರಾಗುವವರು ನಾವೇ.