ಬೆಳಿಗ್ಗೆ ತೆರೆದು ಮುಚ್ಚುವ ಬಾಗಿಲು

ಇದು ನಡೆದದ್ದು ಚಂದಗರಸನಿಗೆ ಪಟ್ಟವಾದ ಒಂಬತ್ತನೆಯ ವರ್ಷ, ಚೈತ್ರದಲ್ಲಿ. ಹೊನ್ನಗಡಿಯ ಬೀದಿಗಳಲ್ಲಿ ಡಂಗುರ ಸಾರಿದರು: ರಾಜಕುಮಾರಿ ಜಾಕಲೆ ತಾನು ಕಟ್ಟಿದ, ಲಿನಕ್ಸ್ ಎಂಬ ತಂತ್ರಾಂಶ ನಡೆಸುವ ಯಂತ್ರದ ಬಾಗಿಲ ಸುತ್ತ ಮೂರು ಒಗಟು ತೆಗೆದಿದ್ದಾಳೆ, ಬಿಡಿಸಿದವನು ಅವಳ ಗಂಡ, ತಪ್ಪಿದವನ ತಲೆ ಹುಣ್ಣಿಮೆಯಂದು ಹೋಗುತ್ತದೆ.

ಬಂದ ರಾಜಪುತ್ರರೆಲ್ಲ ಮೊದಲ ಒಗಟಿಗೇ ಸೆರೆಮನೆ ಸೇರಿದರು. ಉಳಿದವರು ಇಬ್ಬರು: ಮಂತ್ರಿಯ ಮಗ ಕೇತಯ್ಯ, ಬುಟ್ಟಿ ಹೆಣೆಯುವವಳ ಮಗ ಕೆಂಚ. ಒಂದೇ ಗುರುವಿನ ಬಳಿ ಕಲಿತವರು. ಗುರು ಒಮ್ಮೆ ಮೆಚ್ಚಿ ಕೆಂಚನ ಪಾಟಿಯನ್ನು ಎತ್ತಿ ಎಲ್ಲರಿಗೂ ತೋರಿಸಿದ್ದರು. ಅದನ್ನು ಕೇತಯ್ಯ ಮರೆತಿರಲಿಲ್ಲ.

"ಇವನ ಮನೆಗೆ ಇರುವುದು ಬಿದಿರ ತಟ್ಟಿ," ಎಂದ ಕೇತಯ್ಯ ಸಭೆಗೆ ಕೇಳುವಂತೆ. "ಬಾಗಿಲ ಒಗಟು ಇವನಿಗೇಕೆ?"

ಕೆಂಚ ನಕ್ಕು ಮುಂದೆ ಬಂದ.

ಜಾಕಲೆ ಇಬ್ಬರನ್ನೂ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ ಪಾಟಿ ಕೊಟ್ಟಳು. "ಒಬ್ಬ ಕುರುಡ ಪಾರುಪತ್ಯಗಾರನಿದ್ದಾನೆ. ಅವನಿಗೊಂದು ಮರ ಕೊಟ್ಟಿದ್ದೇನೆ. ಮರದ ಕೊಂಬೆಯಲ್ಲಿ ಇಲ್ಲದ್ದು ಎದುರಿಗೆ ಆನೆಯಾಗಿ ನಿಂತರೂ ಅವನಿಗೆ ಇಲ್ಲ. ಅವನು ಯಾರು, ಮರ ಯಾವುದು?"

ಇಬ್ಬರೂ ಬರೆದರು: ಅವನು ಕರ್ನೆಲ್, ಲಿನಕ್ಸಿನ ತಿರುಳು, ಮರವೆಂದರೆ ಯಂತ್ರದ ಅಂಗಗಳನ್ನೆಲ್ಲ ಕೊಂಬೆ ಕೊಂಬೆಯಾಗಿ ಹೇಳುವ ವಿವರಣೆ.

ಜಾಕಲೆ ಎರಡನೆಯದನ್ನು ಹೇಳಿದಳು: "ಹೊರಗಿನ ಸಾಧನ ಸಿಕ್ಕಿಸುವ ಯುಎಸ್‌ಬಿ ಬಾಗಿಲಿಗೆ ತಾಳ ತಟ್ಟುವವರು ಒಂದು ಸಾಲಿನಲ್ಲಿದ್ದಾರೆ, ಅವರ ಹೆಸರುಗಳು ಇನ್ನೊಂದು ಸಾಲಿನಲ್ಲಿ. ಯಾರೂ ತಪ್ಪಿಸಿಕೊಂಡಿಲ್ಲ, ಯಾವ ಹೆಸರೂ ಸುಳ್ಳಲ್ಲ. ಬಾಗಿಲು ಮಾತ್ರ ತೆರೆಯದು. ಏಕೆ?"

ತಾಳದವರೆಂದರೆ ಕ್ಲಾಕ್‌ಗಳು, ಅವು ಬಡಿಯದೆ ಯಂತ್ರದ ಯಾವ ಅಂಗವೂ ನಡೆಯದು. ಕ್ಲಾಕ್‌ಗಳ ಸಾಲಿಗೂ ಹೆಸರುಗಳ ಸಾಲಿಗೂ ಕ್ರಮ ಹೊಂದಿಲ್ಲ, ಒಂದರ ಹೆಸರು ಇನ್ನೊಂದಕ್ಕೆ ಬಿದ್ದಿದೆ ಎಂದು ಇಬ್ಬರೂ ಬರೆದರು. ಜಾಕಲೆ ಎರಡೂ ಪಾಟಿ ಎತ್ತಿ ತೋರಿಸಿದಾಗ ತನ್ನ ಉತ್ತರವೇ ಕೆಂಚನ ಪಾಟಿಯಲ್ಲೂ ಇದ್ದುದನ್ನು ಕಂಡು ಕೇತಯ್ಯನ ಹೊಟ್ಟೆಯಲ್ಲಿ ಕಿಚ್ಚು ಬಿತ್ತು.

ಮೂರನೆಯದನ್ನು ಬಾಯಲ್ಲಿ ಹೇಳಬೇಕಿತ್ತು. ಜಾಕಲೆ ಎದುರಿನ ಯಂತ್ರ ತೋರಿಸಿದಳು. "ಇದರ ಬಾಗಿಲು ಬೆಳಿಗ್ಗೆ ತೆರೆಯುತ್ತದೆ. ಮನೆ ಪೂರ್ತಿ ಎದ್ದ ಕೂಡಲೇ ಮುಚ್ಚುತ್ತದೆ. ಹಗೆಯಿಲ್ಲ, ಕಳ್ಳನಿಲ್ಲ. ಮುಚ್ಚಿದವರು ಯಾರು?"

ಕೆಂಚ ಮೊದಲು ಬಾಯಿ ತೆರೆಯಬಾರದೆಂದು ಕೇತಯ್ಯ ಹಿಂದುಮುಂದು ನೋಡದೆ ನುಗ್ಗಿದ. "ವಿದ್ಯುತ್ತು ಸಾಲದೆ ತಾನೇ ಮುಚ್ಚಿತು."

ಜಾಕಲೆ ಅಲ್ಲವೆಂದು ತಲೆಯಾಡಿಸಿದಳು. ಅವನ ಕೈಗೆ ಹಗ್ಗ ಬಿತ್ತು. ಕೆಂಚನೂ ತಪ್ಪಲಿ ಎಂದಷ್ಟೇ ಅವನು ಬೇಡಿಕೊಂಡ.

"ಮುಚ್ಚಿದವನು ಕರ್ನೆಲ್ಲೇ, ರಾಜಕುಮಾರಿ," ಎಂದ ಕೆಂಚ. "ಯಂತ್ರವನ್ನು ಎಬ್ಬಿಸುವ ಬೂಟ್‌ಲೋಡರ್ ಕ್ಲಾಕ್‌ಗಳನ್ನು ಓಡಿಸಿಟ್ಟು ಹೋಗುತ್ತದೆ. ಆಮೇಲೆ ಕರ್ನೆಲ್ ಮರ ನೋಡಿ, ಯಾರೂ ತಮ್ಮದೆನ್ನದ ಕ್ಲಾಕನ್ನು ದಂಡವೆಂದು ನಿಲ್ಲಿಸುತ್ತದೆ. ಬಾಗಿಲ ಕೊಂಬೆಯಲ್ಲಿ ಒಂದು ಕ್ಲಾಕ್ ಬರೆದಿಲ್ಲ. ನಾನೂ ಹೀಗೆ ಬಿಟ್ಟು ಪೆಟ್ಟು ತಿಂದಿದ್ದೇನೆ. ಮೊದಲು ಓಡುತ್ತಿರುತ್ತದಲ್ಲ, ಗೊತ್ತಾಗುವುದಿಲ್ಲ."

ಅವನೇ ಮರಕ್ಕೆ ಆ ಕ್ಲಾಕಿನ ಸಾಲು ಸೇರಿಸಿ ಯಂತ್ರ ಎಬ್ಬಿಸಿದ. ಬಾಗಿಲು ತೆರೆಯಿತು. ಮನೆ ಪೂರ್ತಿ ಎದ್ದಿತು. ಬಾಗಿಲು ತೆರೆದೇ ಇತ್ತು.

ಜಾಕಲೆ ಹಾರ ಹಾಕಿದಳು. ಇನ್ನೇನು ಬೇಕೆಂದು ಅರಸ ಕೇಳಿದಾಗ ಕೆಂಚ ಸೆರೆಯಲ್ಲಿದ್ದವರ ತಲೆಗಳನ್ನು ಕೇಳಿದ, ಕೇತಯ್ಯನದೂ ಸೇರಿಸಿ. ಕೊಟ್ಟು, ಎಲ್ಲರನ್ನೂ ಜೀವಸಹಿತ ಬಿಟ್ಟರು. ಸಾವಿಗಿಂತ ಅದು ಕೇತಯ್ಯನಿಗೆ ಹೆಚ್ಚು ಸುಟ್ಟಿತು.

ಮದುವೆಯ ದಿನ ಅವನು ಊಟಕ್ಕೆ ಹೋಗಲಿಲ್ಲ. ಬಾಗಿಲು ಈಗ ಮುಚ್ಚಬಹುದು, ಈಗ ಮುಚ್ಚಬಹುದು ಎಂದು ಯಂತ್ರದ ಎದುರು ಕೂತಿದ್ದ. ಕೆಂಚ ಬರೆದ ಕ್ಲಾಕ್ ಬಡಿಯುತ್ತಿತ್ತು. ಸೆಕೆಂಡಿಗೆ ಎರಡು ಕೋಟಿ ನಲವತ್ತು ಲಕ್ಷ ಸಲ.